ಮಿಷನ್ ತುಳಿಯುವ ಕಾಲು ಹೊಸ್ತಿಲಲ್ಲಿ ಯಾಕೆ ನಿಲ್ಲುತ್ತದೆ? ಪಾರ್ಕಿನ್ಸನ್ಸ್ ಇರುವ ಒಬ್ಬ ಟೈಲರ್ ಪ್ರಕರಣ

ಇದು ಹಾಸನ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿ ನಡೆದದ್ದು. ಮನೆಗೇ ಹೋಗಿ ಆರೈಕೆ ನೋಡುವ ಪುಟ್ಟ ತಂಡ ನಮ್ಮದು. ಒಬ್ಬರು ಫಿಸಿಯೋಥೆರಪಿಸ್ಟ್, ಒಬ್ಬರು ನರ್ಸ್, ಸಮಾಜ ಕಾರ್ಯಕರ್ತೆಯಾಗಿ ನಾನು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಊರಲ್ಲಿ ಎಲ್ಲರೂ ಅವರನ್ನು ಟೈಲರಣ್ಣ ಅಂತಲೇ ಕರೆಯುತ್ತಾರೆ. ಪ್ರತಿ ಊರಲ್ಲೂ ಒಬ್ಬ ಟೈಲರಣ್ಣ ಇರುತ್ತಾರಲ್ಲ, ಹಾಗಾಗಿ ಆ ಹೆಸರು ಇಲ್ಲೂ ಇರಲಿ. ಅವರ ಹೆಂಡತಿಯನ್ನು ನಾವು ಅಕ್ಕ ಅನ್ನುತ್ತಿದ್ದೆವು.

ದೀರ್ಘಕಾಲದ ನರರೋಗ ಇರುವ ಮನೆಯಲ್ಲಿ ಜಗಳ ಯಾವ ವಿಷಯಕ್ಕೆ ಆಗುತ್ತದೆ ಅಂತ ಮೊದಲು ಕೇಳಬೇಕು. ಆರೈಕೆ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಬಹಳ ಸಲ ಅಲ್ಲೇ ಸಿಗುತ್ತದೆ. ಈ ಮನೆಯಲ್ಲಿ ಜಗಳ ಇದ್ದದ್ದು ಒಂದೇ ಮಾತಿಗೆ: "ನಾಟಕ ಆಡ್ತಾರೆ."

ಹಿನ್ನೆಲೆ

ನಾವು ಹೋದಾಗ ಟೈಲರಣ್ಣನಿಗೆ 61 ವರ್ಷ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅಂಗಡಿ, ಅದರ ಹಿಂಭಾಗದಲ್ಲೇ ಮನೆ. ರವಿಕೆ, ಸ್ಕೂಲ್ ಯೂನಿಫಾರ್ಮ್, ಪ್ಯಾಂಟು ಆಲ್ಟ್ರೇಷನ್ ಮುಖ್ಯ ಕೆಲಸ. ಕಾಜಾ, ಗುಂಡಿ, ಹೆಮ್ಮಿಂಗ್, ಸೀರೆಗೆ ಫಾಲ್ ಕೂರಿಸುವುದು ಅಕ್ಕನ ಪಾಲು. ಮಗ ಪಕ್ಕದ ಊರಿನ ಫೈನಾನ್ಸ್ ಒಂದರಲ್ಲಿ ಕೆಲಸಕ್ಕಿದ್ದ. ಸೊಸೆ ಮನೆ ನೋಡಿಕೊಳ್ಳುತ್ತಿದ್ದಳು. ಎರಡನೇ ಕ್ಲಾಸಿನ ಮೊಮ್ಮಗಳೊಬ್ಬಳು.

ಕಾಯಿಲೆ ಶುರುವಾದದ್ದು ಭುಜದಿಂದ. ಬಲ ಭುಜ ಹಿಡಿದುಕೊಂಡಿತು, ಕೈ ಮೇಲೆ ಎತ್ತಲು ಆಗುತ್ತಿರಲಿಲ್ಲ. ಮೂಳೆ ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ಶಾಖ ಕೊಟ್ಟರು. ಪಾರ್ಕಿನ್ಸನ್ಸ್ ಎಷ್ಟೋ ಜನರಲ್ಲಿ ಹೀಗೆ ಭುಜದ ಬಿಗಿತವಾಗಿಯೇ ಬರುತ್ತದೆ. ಕೈ ನಡುಗದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಇವರಿಗೆ ನಡುಕ ಕೊನೆಗೂ ಅಷ್ಟಾಗಿ ಬರಲೇ ಇಲ್ಲ.

ಹಿಂದಕ್ಕೆ ತಿರುಗಿ ನೋಡಿದರೆ ಸೂಚನೆಗಳು ಅದಕ್ಕಿಂತ ಎಷ್ಟೋ ಮುಂಚೆಯೇ ಇದ್ದವು. ಒಂದು ದಿನ ಇಸ್ತ್ರಿ ಪೆಟ್ಟಿಗೆಯಡಿ ಗಿರಾಕಿಯ ಪ್ಯಾಂಟು ಸುಟ್ಟಿತು. ವಾಸನೆ ಅಡುಗೆಮನೆಯಲ್ಲಿದ್ದ ಅಕ್ಕನ ಮೂಗಿಗೆ ಬಡಿಯಿತು, ಪಕ್ಕದಲ್ಲೇ ನಿಂತಿದ್ದ ಟೈಲರಣ್ಣನಿಗೆ ಗೊತ್ತೇ ಆಗಲಿಲ್ಲ. ರಾತ್ರಿ ಕನಸಿನಲ್ಲಿ ಕೂಗುತ್ತಿದ್ದರು, ಒದೆಯುತ್ತಿದ್ದರು. ಮಲಬದ್ಧತೆ ಅಂತೂ ವರ್ಷಗಳಿಂದ ಇತ್ತು. ಈ ಮೂರೂ ಪಾರ್ಕಿನ್ಸನ್ಸ್ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಬರಬಹುದು. ಆದರೆ ಮೂಗು, ನಿದ್ದೆ, ಹೊಟ್ಟೆ ಮೂರನ್ನೂ ಸೇರಿಸಿ ಯಾರು ಯೋಚನೆ ಮಾಡುತ್ತಾರೆ?

ಕೊನೆಗೆ ಸುಳಿವು ಕೊಟ್ಟದ್ದು ಅಳತೆ ಪುಸ್ತಕ. ಅದು ಉದ್ದನೆಯ ನೋಟ್‌ಬುಕ್ಕು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಸಾಲು, ಮೂಲೆಯಲ್ಲಿ ಪಿನ್ ಮಾಡಿದ ಬಟ್ಟೆಯ ಚೂರು. ಹಳೆಯ ಪುಟಗಳಲ್ಲಿ ಅಂಕಿಗಳು ದಪ್ಪವಾಗಿ, ಒಂದಕ್ಕೊಂದು ದೂರ ದೂರ ಕೂತಿದ್ದವು. ಪುಟ ಮಗುಚುತ್ತಾ ಹೋದರೆ ಅಂಕಿ ಸಣ್ಣದಾಗುತ್ತಾ ಬಂದು ಸಾಲಿನ ಕೊನೆಯಲ್ಲಿ ಇರುವೆ ಹರಿದ ಹಾಗೆ ಆಗಿತ್ತು. ಅವರು ಬರೆದ ಅಳತೆ ಮಗನಿಗೆ ಓದಲು ಬಾರದೆ ಒಂದು ಮದುವೆ ರವಿಕೆ ಬಿಗಿಯಾಯಿತು, ದೊಡ್ಡ ರಂಪವೂ ಆಯಿತು. ಅಕ್ಕ ಆ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಜಿಲ್ಲಾ ಕೇಂದ್ರದ ನರರೋಗ ತಜ್ಞರ ಮುಂದೆ ಇಟ್ಟರು. ಅವರು ಪುಟ ತಿರುವಿ ನೋಡಿ, ನಡೆಸಿ, ಬೆರಳು ಆಡಿಸಿ ನೋಡಿ ಪಾರ್ಕಿನ್ಸನ್ಸ್ ಎಂದರು. ಈ ಕಾಯಿಲೆ ಇದೆ ಅಂತ ಖಚಿತವಾಗಿ ಹೇಳುವ ಮಾಮೂಲಿ ರಕ್ತಪರೀಕ್ಷೆ ಇಲ್ಲ. ಸ್ಕ್ಯಾನ್ ಮಾಡಿಸುವುದು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲ ಎಂದು ತಿಳಿಯಲು. ಪರೀಕ್ಷೆ ನಡೆಯುವುದು ಡಾಕ್ಟರ ಕಣ್ಣು, ಕೈಯಲ್ಲೇ.

ಮೆದುಳಿನ ಒಳಭಾಗದಲ್ಲಿ ಡೋಪಮೈನ್ ಅನ್ನುವ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುವುದು ಈ ಕಾಯಿಲೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದರ ಬಗ್ಗೆ ಬರೆದರು. 1960ರ ದಶಕದಲ್ಲಿ ಬಂದ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಇವತ್ತಿಗೂ ಮುಖ್ಯ ಮಾತ್ರೆ. ಟೈಲರಣ್ಣನಿಗೂ ಕಾರ್ಬಿಡೋಪಾ ಸೇರಿದ ಲೆವೊಡೋಪಾ ದಿನಕ್ಕೆ ಮೂರು ಹೊತ್ತು ಕೊಟ್ಟರು. ಮೊದಲ ಮೂರ್ನಾಲ್ಕು ವರ್ಷ ಕಾಯಿಲೆ ಇದೆ ಅನ್ನುವುದೇ ಮರೆತುಹೋಗಿತ್ತು ಎನ್ನುತ್ತಾರೆ ಅಕ್ಕ.

ಮನೆ ಒಡೆಯುವ ಹಂತ

ಐದನೇ ವರ್ಷಕ್ಕೆ ಲೆಕ್ಕ ತಪ್ಪತೊಡಗಿತು. ಬೆಳಗ್ಗೆ ಚೆನ್ನಾಗಿದ್ದವರು ಮಧ್ಯಾಹ್ನದ ಹೊತ್ತಿಗೆ ಕಲ್ಲಾಗುತ್ತಿದ್ದರು. ಅಂಗಡಿಯಿಂದ ಮನೆಯೊಳಗೆ ಬರುವ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಮೇಲಿನ ದೇಹ ಮುಂದೆ ಹೋಗುತ್ತಿತ್ತು, ಪಾದ ಅಲ್ಲೇ. ಎರಡು ಸಲ ಬಿದ್ದರು. ಎರಡನೇ ಸಲ ಹಣೆಗೆ ಹೊಲಿಗೆ ಬಿತ್ತು. "ಜೀವನಪೂರ್ತಿ ನಾನು ಹೊಲ್ದೆ, ಈಗ ನನಗೇ ಹೊಲಿಗೆ ಹಾಕ್ತಾವ್ರೆ," ಅಂತ ಅವರೇ ನಗುತ್ತಿದ್ದರು.

ಮನೆಯವರಿಗೆ ಅರ್ಥವಾಗದೆ ಇದ್ದದ್ದು ಇದು. ಹೊಸ್ತಿಲು ದಾಟಲಾಗದ ಇದೇ ಮನುಷ್ಯ ಕೈಹಿಡಿದು ಕೂರಿಸಿದರೆ ಹೊಲಿಗೆ ಮಿಷನ್ ಪೆಡಲ್ ಸರಾಗವಾಗಿ ತುಳಿಯುತ್ತಿದ್ದರು. ಯೂನಿಫಾರ್ಮ್ ಸ್ಕರ್ಟಿನ ಉದ್ದನೆಯ ಅಂಚನ್ನು ನಿಲ್ಲಿಸದೆ ಹೊಲಿದು ಮುಗಿಸುತ್ತಿದ್ದರು. ಎದ್ದು ಬಚ್ಚಲಿಗೆ ಹೋಗು ಅಂದರೆ ಮತ್ತೆ ಕಲ್ಲು. "ಮಿಷನ್ ತುಳಿಯೋಕಾಗುತ್ತೆ, ಬಚ್ಚಲಿಗೆ ಹೋಗೋಕಾಗಲ್ವಾ ಮಾವ?" ಅಂತ ಸೊಸೆ ಕೇಳಿದ್ದಳು. ಕೆಟ್ಟ ಹುಡುಗಿಯಲ್ಲ. ದಿನವೆಲ್ಲ ಅವರನ್ನು ಎತ್ತಿ ಇಳಿಸಿ ಅವಳ ಸೊಂಟವೂ ಬಿದ್ದುಹೋಗಿತ್ತು. ಮಗ ಇನ್ನೂ ಬಿರುಸು: "ಅಪ್ಪ ಬೇಕಾದ್ರೆ ಮಾಡ್ತಾರೆ, ಬೇಡ ಅಂದ್ರೆ ಇಲ್ಲ. ಹಠ." ಮುಖದಲ್ಲಿ ಭಾವನೆ ಕಾಣದಿರುವುದೂ ಈ ಕಾಯಿಲೆಯ ಲಕ್ಷಣ. ಅದನ್ನು ಮನೆಯವರು ಉದಾಸೀನ ಅಂದುಕೊಂಡಿದ್ದರು. ದನಿ ಸಣ್ಣದಾಗಿತ್ತು. ಅದಕ್ಕೂ "ಬೇಕಂತಲೇ ಮೆಲ್ಲಗೆ ಮಾತಾಡ್ತಾರೆ" ಅನ್ನುವ ದೂರು.

ಅಂಗಡಿಯ ವ್ಯಾಪಾರ ಅರ್ಧಕ್ಕಿಳಿದಿತ್ತು. ಅಕ್ಕ ರಾತ್ರಿ ನಾಲ್ಕೈದು ಸಲ ಏಳುತ್ತಿದ್ದರು, ಮಗ್ಗುಲು ಬದಲಿಸಲು. ಬಾಮೈದನೊಬ್ಬ ಬಂದು, ಇಂಗ್ಲಿಷ್ ಔಷಧಿ ಬಿಟ್ಟು ನಾಟಿ ಔಷಧಿ ಮಾಡಿಸೋಣ ಅಂತ ಹಚ್ಚಿದ್ದ. ನಾವು ಹೋದದ್ದು ಇಂಥ ಹೊತ್ತಲ್ಲಿ.

ಮೊದಲ ತೀರ್ಮಾನ: ವ್ಯಾಯಾಮ ಆಮೇಲೆ

ನಮ್ಮನ್ನು ಕರೆಸಿದ್ದು ವ್ಯಾಯಾಮ ಹೇಳಿಕೊಡಲು. ಫಿಸಿಯೋಥೆರಪಿಸ್ಟ್ ಮೊದಲ ದಿನ ಒಂದನ್ನೂ ಹೇಳಿಕೊಡಲಿಲ್ಲ. ಅವರು ಟೈಲರಣ್ಣನ ಜೊತೆ ಅಂಗಡಿಯಲ್ಲಿ ಕೂತರು, ನಾನು ಅಡುಗೆಮನೆಯಲ್ಲಿ ಅಕ್ಕನ ಜೊತೆ. ರೋಗಿ ಮತ್ತು ಆರೈಕೆ ಮಾಡುವವರನ್ನು ಬೇರೆ ಬೇರೆ ಕೂರಿಸಿ ಮಾತಾಡಿಸುವುದು ನಮಗೆ ಕಡ್ಡಾಯ. ಎದುರಾಎದುರು ಇಬ್ಬರೂ "ಹೂಂ, ಪರವಾಗಿಲ್ಲ" ಅಂದುಬಿಡುತ್ತಾರೆ. ಅಕ್ಕ ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ ಹೇಳಿದರು: "ನಂಗೇ ಒಂದೊಂದ್ಸಲ ಅನ್ನಿಸುತ್ತೆ ಮೇಡಂ, ಬೇಕಂತಲೇ ಮಾಡ್ತಾರೇನೋ ಅಂತ. ಹಂಗನ್ಕೊಂಡು ಆಮೇಲೆ ನಂಗೇ ಸಂಕಟ."

ಮಿಷನ್ ಒಗಟನ್ನು ಬಿಡಿಸದೆ ಬೇರೇನು ಹೇಳಿದರೂ ಈ ಮನೆಯಲ್ಲಿ ನಿಲ್ಲುವುದಿಲ್ಲ ಅನ್ನುವುದು ಸ್ಪಷ್ಟವಾಯಿತು. ಎಲ್ಲರನ್ನೂ ಕೂರಿಸಿ ವಿವರಿಸಿದೆವು. ನಡೆಯುವಾಗ ಪ್ರತಿ ಹೆಜ್ಜೆಯನ್ನೂ ಮೆದುಳು ತಾನೇ ಒಳಗಿಂದ ಶುರು ಮಾಡಿಸಬೇಕು. ಡೋಪಮೈನ್ ಕಡಿಮೆಯಾದಾಗ ಕೆಡುವುದು ಅದೇ, ಹೊರಗಿನ ಸೂಚನೆ ಇಲ್ಲದೆ ಚಲನೆ ಶುರು ಮಾಡುವುದು. ಪೆಡಲ್ ಹಾಗಲ್ಲ. ಚಕ್ರ ಒಮ್ಮೆ ತಿರುಗಿತೆಂದರೆ ಪೆಡಲ್ಲೇ ಪಾದವನ್ನು ಮೇಲಕ್ಕೆತ್ತುತ್ತದೆ, ಮುಂದಿನ ತುಳಿತ ಯಾವಾಗ ಎಂದು ಅದೇ ಹೇಳುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ಇಂಥದೇ ಒಬ್ಬ ರೋಗಿಯ ವಿಡಿಯೋ ಪ್ರಕಟಿಸಿದ್ದರು. ನಾಲ್ಕು ಹೆಜ್ಜೆ ನಡೆಯಲಾಗದೆ ಬೀಳುವ ಮನುಷ್ಯ ಸೈಕಲ್ ಹತ್ತಿಸಿದರೆ ಆರಾಮಾಗಿ ತುಳಿದುಕೊಂಡು ಹೋಗುತ್ತಾನೆ. ಇಳಿದ ಕೂಡಲೇ ಮತ್ತೆ ಕಾಲು ನಿಲ್ಲುತ್ತದೆ. ಇದನ್ನು ಹೇಳಿದಾಗ ಮಗ ಸುಮ್ಮನೆ ಕೇಳಿಸಿಕೊಂಡ. ನಂಬಿದ ಹಾಗೆ ಕಾಣಲಿಲ್ಲ. ಮಾತಿನಿಂದ ಇಷ್ಟೇ ಆಗುವುದು.

ಸೊಸೆಯ ಕೈಗೆ ಪುಸ್ತಕ

ದಿನದ ಯಾವ ಹೊತ್ತಿನಲ್ಲಿ ಹೇಗಿರುತ್ತಾರೆ ಎಂದು ಗಂಟೆಗೊಮ್ಮೆ ಬರೆಯಬೇಕಿತ್ತು. ಬರೆಯುವವರು ಯಾರು? ಅಕ್ಕ ಬರೆಯಬಹುದಿತ್ತು. ಆದರೆ "ನಾಟಕ" ಅಂದವಳ ಕೈಗೇ ಅದನ್ನು ಕೊಟ್ಟೆವು. ಬೇಕೆಂದೇ ಮಾಡಿದ್ದು. ಅನುಮಾನ ಇರುವವರು ಚೆನ್ನಾಗಿ ಗಮನಿಸುತ್ತಾರೆ.

ಅಂಗಡಿಯಲ್ಲಿದ್ದ ಹೊಸ ಅಳತೆ ಪುಸ್ತಕವೇ ದಿನಚರಿಯಾಯಿತು. ಹೆಸರಿನ ಜಾಗದಲ್ಲಿ ಗಂಟೆ, ಅಳತೆಯ ಜಾಗದಲ್ಲಿ ಒಂದು ಪದ. ಪದಗಳೂ ಮನೆಯವರದೇ: ಸರಾಗ, ಬಿಗಿ, ಕುಣಿತ. ಕುಣಿತ ಅಂದರೆ ಮಾತ್ರೆಯ ಪ್ರಭಾವ ಹೆಚ್ಚಾದಾಗ ಕೈ, ಕುತ್ತಿಗೆ ತಾನೇ ತಾನಾಗಿ ಆಡುವುದು. ಮಾತ್ರೆ ತಿಂದ ಹೊತ್ತು, ಊಟದಲ್ಲಿ ಏನಿತ್ತು ಅನ್ನುವುದನ್ನೂ ಬರೆಯಬೇಕು.

ವಾರ ಕಳೆಯುವಷ್ಟರಲ್ಲಿ ಸೊಸೆಯೇ ಫೋನ್ ಮಾಡಿದಳು. "ಮೇಡಂ, ಮಾವ ದಿನಾ ಹನ್ನೊಂದೂವರೆಗೇ ನಿಲ್ತಾರೆ. ಆಮೇಲೆ ಸಂಜೆ ಐದಕ್ಕೆ. ಹಠ ಮಾಡೋರು ಟೈಮ್ ನೋಡ್ಕೊಂಡು ಮಾಡ್ತಾರಾ?" ಇಡೀ ಪ್ರಕರಣದಲ್ಲಿ ದೊಡ್ಡ ತಿರುವು ಇದೇ ಅನ್ನುವುದು ನನ್ನ ಅಭಿಪ್ರಾಯ. ಆಮೇಲಿನ ಬದಲಾವಣೆಗಳೆಲ್ಲ ಮನೆಯೊಳಗೆ ಸಾಧ್ಯವಾದದ್ದು ಅವಳು ಈ ಕಡೆ ಬಂದದ್ದರಿಂದ.

ಪುಸ್ತಕ ಇನ್ನೊಂದನ್ನೂ ತೋರಿಸಿತು. ಮಧ್ಯಾಹ್ನದ ಮಾತ್ರೆ ಕೆಲವು ದಿನ ಕೆಲಸವನ್ನೇ ಮಾಡುತ್ತಿರಲಿಲ್ಲ. ಆ ದಿನಗಳಲ್ಲಿ ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು ಇಲ್ಲವೇ ಹಿತಕಿದಬೇಳೆ. ಅವರೆಕಾಯಿ ಸೀಸನ್ ಬೇರೆ. ಅವರು ಮಾತ್ರೆ ತಿನ್ನುತ್ತಿದ್ದದ್ದು ಹೊಟ್ಟೆ ತುಂಬಾ ಉಂಡ ಮೇಲೆ. ಲೆವೊಡೋಪಾ ಮತ್ತು ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ದಾಟುವಾಗ ಒಂದೇ ದಾರಿಗಾಗಿ ಪೈಪೋಟಿ ಮಾಡುತ್ತವೆ. ಕಾಳು ಗೆದ್ದಿತು, ಮಾತ್ರೆ ಸೋತಿತು. ಎಲ್ಲ ರೋಗಿಗಳಿಗೂ ಇದು ಇಷ್ಟು ಎದ್ದು ಕಾಣುವುದಿಲ್ಲ. ಮಾತ್ರೆಯ ಪ್ರಭಾವ ಬೇಗ ಇಳಿಯುವ ಹಂತಕ್ಕೆ ಬಂದವರಿಗೆ ಜಾಸ್ತಿ ಕಾಣುತ್ತದೆ.

ಪುಸ್ತಕವನ್ನು ನರರೋಗ ತಜ್ಞರಿಗೆ ತೋರಿಸಿದರು. ಅವರು ದಿನದ ಒಟ್ಟು ಪ್ರಮಾಣವನ್ನು ಅಷ್ಟಾಗಿ ಹೆಚ್ಚಿಸದೆ, ಸಣ್ಣ ಪ್ರಮಾಣವಾಗಿ ಒಡೆದು ಐದು ಹೊತ್ತಿಗೆ ಹಂಚಿದರು. ಇದು ಡಾಕ್ಟರು ಇವರೊಬ್ಬರಿಗಾಗಿ ಮಾಡಿದ ಲೆಕ್ಕ, ಓದಿದವರು ಮನೆಯಲ್ಲಿ ಹೀಗೆ ಒಡೆದುಕೊಳ್ಳಬೇಡಿ. ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ ಮಾತ್ರೆ. ಕಾಳುಸಾರು ರಾತ್ರಿಗೆ. ಪ್ರೋಟೀನ್ ಬಿಡಿಸಲಿಲ್ಲ, ಹೊತ್ತು ಮಾತ್ರ ಬದಲಿಸಿದ್ದು. ಮೊದಲೇ ತೂಕ ಇಳಿದ ಮನುಷ್ಯ, ಕಾಳು ಬಿಡಿಸಿದರೆ ಇನ್ನೂ ಸೊರಗುತ್ತಾರೆ. ಅಕ್ಕನಿಗೆ ಬೇಸರವಾದದ್ದು ಬೇರೆ ಕಾರಣಕ್ಕೆ: "ಮಧ್ಯಾಹ್ನ ಮುದ್ದೆಗೆ ಸೊಪ್ಪಿನ ಸಾರೇ ಮಾಡ್ಬೇಕಾ ದಿನಾ?"

ನೆಲ, ಬಾಗಿಲು, ಹಾಸಿಗೆ

ಮಾತ್ರೆಯ ಹೊತ್ತು ಸರಿಯಾದ ಮೇಲೆ ಫಿಸಿಯೋಥೆರಪಿಸ್ಟ್ ಕೆಲಸ ಶುರುವಾಯಿತು. ಕಾಲು ಅಂಟಿಕೊಳ್ಳುವ ಜಾಗಗಳು ಮೂರು: ಅಂಗಡಿ ಮತ್ತು ಮನೆ ನಡುವಿನ ಬಾಗಿಲು, ಬಚ್ಚಲ ಬಾಗಿಲು, ಹಾಸಿಗೆ ಪಕ್ಕದ ತಿರುವು. ಇಕ್ಕಟ್ಟಾದ ಜಾಗ ಮತ್ತು ತಿರುಗುವುದು ಎರಡೂ ಈ ಕಾಯಿಲೆಯವರಿಗೆ ಕಷ್ಟ. ಕೆಂಪು ಗಾರೆ ನೆಲ. ಟೈಲರಣ್ಣನ ಸೀಮೆಸುಣ್ಣವನ್ನೇ ತೆಗೆದುಕೊಂಡು ಬಾಗಿಲಿನ ಆಚೆ ಈಚೆ, ಒಂದೊಂದು ಹೆಜ್ಜೆಯ ಅಂತರದಲ್ಲಿ ಅಡ್ಡ ಗೆರೆ ಎಳೆದರು. ಗೆರೆ ದಾಟು ಅಂದದ್ದೇ ತಡ, ದಾಟಿಬಿಟ್ಟರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಮಗ ನಿಂತು ನೋಡುತ್ತಿದ್ದ. ನೆದರ್ಲೆಂಡ್ಸ್ ಕತೆಗಿಂತ ಅವನಿಗೆ ಹಿಡಿಸಿದ್ದು ಈ ಗೆರೆ. ಒರೆಸಿದರೆ ಅಳಿಸುತ್ತಿತ್ತು, ಆಮೇಲೆ ಬಿಳಿ ಟೇಪು ಅಂಟಿಸಿದರು.

ಎಲ್ಲ ಪ್ರಯತ್ನವೂ ಹೀಗೆ ಫಲಿಸಲಿಲ್ಲ. ಸಂಬಂಧಿಕರು ತಂದುಕೊಟ್ಟ ನಾಲ್ಕು ಕಾಲಿನ ವಾಕರ್ ದಂಡವಾಯಿತು. ಅದನ್ನು ಎತ್ತಿ ಮುಂದಿಡಬೇಕು, ಆಮೇಲೆ ಹೆಜ್ಜೆ ಇಡಬೇಕು. ಒಂದು ಕೆಲಸದ ಜಾಗದಲ್ಲಿ ಎರಡಾಗಿ ಇನ್ನೂ ಜಾಸ್ತಿ ನಿಂತರು. ಈಗ ಅದರ ಮೇಲೆ ಇಸ್ತ್ರಿ ಆದ ಬಟ್ಟೆ ನೇತಾಡುತ್ತದೆ. ಮೊಬೈಲಿನಲ್ಲಿ ಟಕ್ ಟಕ್ ಎನ್ನುವ ತಾಳದ ಆ್ಯಪ್ ಹಾಕಿಕೊಟ್ಟೆವು. "ಗಡಿಯಾರದಂಗಡೀಲಿ ಕೂತಂಗಾಯ್ತದೆ," ಅಂದು ಆಫ್ ಮಾಡಿದರು. ಅದರ ಬದಲು ತಾವೇ ಮಿಷನ್ನಿನ ಲಯವನ್ನು ಬಾಯಲ್ಲಿ ಗುನುಗಿಕೊಂಡು ಹೆಜ್ಜೆ ಹಾಕತೊಡಗಿದರು. ಅದು ಸಾಕಾಯಿತು.

ಮನೆಯವರಿಗೆ ಕಲಿಸಿದ್ದು ಇನ್ನೂ ಮುಖ್ಯ. ನಿಂತಾಗ ಕೈ ಹಿಡಿದು ಎಳೆಯಬೇಡಿ, ಎಳೆದರೆ ಮೈ ಬರುತ್ತದೆ, ಕಾಲು ಬರುವುದಿಲ್ಲ, ಬೀಳುತ್ತಾರೆ. "ಬೇಗ ಬೇಗ" ಅನ್ನಬೇಡಿ. ನಿಲ್ಲಲಿ, ಉಸಿರು ತೆಗೆದುಕೊಳ್ಳಲಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕಲಿ, ಆಮೇಲೆ ದೊಡ್ಡ ಹೆಜ್ಜೆ. ನಿಂತಲ್ಲೇ ಗಿರಕಿ ಹೊಡೆಯದೆ ಸುತ್ತು ಹಾಕಿ ತಿರುಗಲಿ. ಬಾಗಿಲ ಮುಂದಿನ ಕಾಲೊರೆಸು ಎದ್ದು ಹೋಯಿತು. ಬಚ್ಚಲಲ್ಲಿ ಹಿಡಿಕೆ ಬಂತು. ನರ್ಸ್ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ಎದ್ದು ನಿಂತಾಗ ಬಿಪಿ ಇಳಿಯುವುದೂ ಈ ಕಾಯಿಲೆಯಲ್ಲಿ ಇದೆ. ಬೀಳುವುದಕ್ಕೆಲ್ಲ ಕಾಲೇ ಕಾರಣ ಆಗಿರಬೇಕಿಲ್ಲ.

ರಾತ್ರಿಯ ಸಮಸ್ಯೆಗೆ ಉಪಾಯ ಹೂಡಿದ್ದು ಟೈಲರಣ್ಣನೇ. ಒರಟು ಹತ್ತಿ ಹೊದಿಕೆಯ ಮೇಲೆ ಮಗ್ಗುಲು ಬದಲಿಸುವುದು ಕಷ್ಟ, ಸೊಂಟದ ಭಾಗಕ್ಕೆ ನುಣುಪು ಬಟ್ಟೆ ಇದ್ದರೆ ಸುಲಭ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಟೈಲರಣ್ಣ ಕಪಾಟಿನಿಂದ ಸ್ಯಾಟಿನ್ ತೆಗೆದು ಅಳತೆ ಮಾಡಿದರು. ಭುಜದಿಂದ ತೊಡೆವರೆಗೆ ಮಾತ್ರ ಸ್ಯಾಟಿನ್, ಕಾಲ ಕಡೆ ಹತ್ತಿಯನ್ನೇ ಬಿಟ್ಟರು. ಯಾಕೆ ಅಂದರೆ, "ಹಿಮ್ಮಡಿ ಊರೋಕೆ ಹಿಡಿತ ಬೇಕಲ್ಲ, ಪೂರ್ತಿ ಸ್ಯಾಟಿನ್ ಹಾಕುದ್ರೆ ಜಾರಿ ಕೆಳಗಿರ್ತೀನಿ." ಎರಡು ಕಡೆ ಉದ್ದ ಅಂಚು ಬಿಟ್ಟು ಹಾಸಿಗೆಯಡಿ ಸಿಕ್ಕಿಸುವ ಹಾಗೆ ಹೊಲಿದರು. ಅಕ್ಕ ರಾತ್ರಿ ಏಳುವುದು ಕಡಿಮೆಯಾಯಿತು. ನಾವು ಈಗ ಬೇರೆ ಮನೆಗಳಿಗೂ ಇದೇ ಮಾದರಿ ಹೇಳುತ್ತೇವೆ. ಹೊಲಿಯಲು ಇವರಿಗೇ ಕೊಡುತ್ತೇವೆ.

ದನಿಗೂ ಅಂಗಡಿಯಲ್ಲೇ ದಾರಿ ಸಿಕ್ಕಿತು. ಅಳತೆ ತೆಗೆದು ಅವರು ಜೋರಾಗಿ ಕೂಗಬೇಕು, "ಎದೆ ಮೂವತ್ತಾರು! ತೋಳು ಒಂಬತ್ತು!" ಮೊಮ್ಮಗಳು ಬರೆದುಕೊಳ್ಳಬೇಕು. ಕೇಳಿಸದಿದ್ದರೆ ಅವಳು ಬರೆಯುವುದಿಲ್ಲ. ದಿನಾ ಗಟ್ಟಿಯಾಗಿ ಮಾತಾಡುವ ಅಭ್ಯಾಸ ಈ ಕಾಯಿಲೆಯಲ್ಲಿ ದನಿ ಉಳಿಸುವ ಮುಖ್ಯ ಉಪಾಯ. ಸುಮ್ನೆ ಗೋಡೆ ಕಡೆ ನೋಡಿ "ಆ ಆ" ಅನ್ನು ಅಂದರೆ ಅವರು ಮಾಡುತ್ತಿರಲಿಲ್ಲ.

ಹಳ್ಳ ಹಿಡಿದ ವಾರ

ಎಲ್ಲ ಒಂದು ದಾರಿಗೆ ಬಂತು ಅನ್ನುವಾಗ ಬಾಮೈದ ಪುಡಿ ತಂದ. ನಸುಗುನ್ನಿ ಬೀಜದ ಪುಡಿ. ಟೈಲರಣ್ಣ ನಮಗೂ ಹೇಳದೆ, ಡಾಕ್ಟರಿಗೂ ಹೇಳದೆ ಬೆಳಗ್ಗೆ ಒಂದು ಚಮಚ ಹಾಲಿಗೆ ಹಾಕಿಕೊಳ್ಳತೊಡಗಿದರು. ಮೊದಲೆರಡು ದಿನ ಭಾರೀ ಚುರುಕು. ಮೂರನೇ ದಿನದಿಂದ ಪುಸ್ತಕದ ತುಂಬಾ "ಕುಣಿತ, ಕುಣಿತ". ಆಮೇಲೆ ವಾಂತಿ. ರಾತ್ರಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಬಿತ್ತು. ಬೆಳಗಾಗುವಷ್ಟರಲ್ಲಿ ಕಟ್ಟಿಗೆಯಾದರು. ಬಾಯಿ ತೆರೆಯಲೂ ಕಷ್ಟ.

ಇಲ್ಲಿ ಎರಡು ವಿಷಯ ಬೆರೆತಿವೆ. ನಸುಗುನ್ನಿಯಲ್ಲಿ ಇರುವುದು ಲೆವೊಡೋಪಾನೇ. ಕಂಪವಾತಕ್ಕೆ, ಅಂದರೆ ಇಂಥದೇ ನಡುಕದ ಕಾಯಿಲೆಗೆ, ಆಯುರ್ವೇದದಲ್ಲಿ ಅದನ್ನು ಕೊಡುವುದಕ್ಕೆ ಅರ್ಥ ಇಲ್ಲದಿಲ್ಲ. ಆದರೆ ಮಾತ್ರೆಯ ಮೇಲೆ ಪುಡಿ ಬಿದ್ದರೆ ಅದೇ ಔಷಧಿ ಎರಡೆರಡು ಸಲ ತಿಂದ ಹಾಗಾಗುತ್ತದೆ. ಒಂದು ಚಮಚದಲ್ಲಿ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಎರಡನೆಯದು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಸಲೀಸಾಗಿ ಕೊಡುವ ಪ್ರೋಕ್ಲೋರ್‌ಪೆರಾಜಿನ್, ಸಿನ್ನಾರಿಜಿನ್ ಇವು ಮೆದುಳಿನಲ್ಲಿ ಡೋಪಮೈನ್ ಕೆಲಸವನ್ನೇ ತಡೆಯುತ್ತವೆ. ಪಾರ್ಕಿನ್ಸನ್ಸ್ ಇಲ್ಲದವರಲ್ಲೂ ಇವು ಅದೇ ಥರದ ಬಿಗಿತ ತರಬಲ್ಲವು. ರಾತ್ರಿ ಹೊತ್ತು, ಹೊಸ ಡಾಕ್ಟರು, ಮಾತಾಡಲಾಗದ ರೋಗಿ, ಗಾಬರಿಯಲ್ಲಿ ಕಾಯಿಲೆಯ ಹೆಸರನ್ನೇ ಹೇಳದ ಮಗ. ಹೀಗೆ ಆಗುವುದು ಸಹಜ.

ಮುಂದಿನ ಮಾತು ನಾಜೂಕಿನದು. ಮನೆಯವರೆಲ್ಲ ಬಾಮೈದನ ಮೇಲೆ ಮುರಿದುಕೊಂಡು ಬಿದ್ದಿದ್ದರು. ನಾವು ಅವನನ್ನು ಬೈಯಲಿಲ್ಲ. ಬೈದಿದ್ದರೆ ಮುಂದಿನ ಪುಡಿ ಇನ್ನೂ ಗುಟ್ಟಾಗಿ ಬರುತ್ತಿತ್ತು. ನಸುಗುನ್ನಿಯೊಳಗೇ ಇದೇ ಔಷಧಿ ಇದೆ ಅಂತ ಹೇಳಿದಾಗ ಅವನ ಮುಖ ಅರಳಿತು, "ನೋಡಿದ್ರಾ, ನಾನು ಹೇಳಲಿಲ್ವಾ" ಅಂದ. ಸರಿ, ಆದರೆ ಎಷ್ಟಿದೆ ಅಂತ ಗೊತ್ತಾಗಬೇಕಲ್ವಾ, ಏನೇ ತಂದರೂ ಮೊದಲು ಡಾಕ್ಟರಿಗೆ ತೋರಿಸು ಅಂದೆವು. ಒಪ್ಪಿದ. ಇನ್ನೊಂದು ಮಾತನ್ನೂ ಎಲ್ಲರ ಎದುರು ಗಟ್ಟಿಯಾಗಿ ಹೇಳಿದೆವು: ಯಾರು ಏನೇ ಹೇಳಲಿ, ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಬಾರದು. ವಿಪರೀತ ಬಿಗಿತ, ಜ್ವರ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು.

ಆಮೇಲೆ ಒಂದು ಚೀಟಿ ತಯಾರಾಯಿತು. ಕಾಯಿಲೆಯ ಹೆಸರು, ಮಾತ್ರೆಯ ಹೊತ್ತುಗಳು, ಕೊಡಬಾರದ ಔಷಧಿಗಳು, ವಾಂತಿಗೆ ಡಾಂಪೆರಿಡೋನ್ ಬಗ್ಗೆ ತಜ್ಞರ ಸೂಚನೆ, ಮಗನ ನಂಬರು. ಲ್ಯಾಮಿನೇಟ್ ಮಾಡಿಸಿದರು. ಟೈಲರಣ್ಣ ತಮ್ಮ ಎಲ್ಲ ಶರ್ಟುಗಳಿಗೂ ಒಳಜೇಬು ಹೊಲಿದುಕೊಂಡರು.

ಕಾರ್ಡು ಬೇಡ ಅಂದದ್ದು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಪಾರ್ಕಿನ್ಸನ್ಸ್ ಹೆಸರಿಸಿಯೇ ಅದರಲ್ಲಿದೆ, ದೀರ್ಘಕಾಲದ ನರರೋಗಗಳ ಅಡಿಯಲ್ಲಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಜೊತೆಗೆ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು, ಯುಡಿಐಡಿ ಅನ್ನುವ, ವಿಕಲಚೇತನರ ಗುರುತಿನ ಕಾರ್ಡೂ ಸಿಗುತ್ತದೆ. ಟೈಲರಣ್ಣ ಸುತರಾಂ ಒಪ್ಪಲಿಲ್ಲ. "ಅಂಗಡಿ ಬೋರ್ಡ್ ಕೆಳಗೆ ಅದನ್ನೂ ಬರೆಸ್ಲಾ?" ಅಂದರು. ನಾವು ಒತ್ತಾಯ ಮಾಡಲಿಲ್ಲ. ಅರ್ಜಿಗೆ ಬೇಕಾದ ಕಾಗದಗಳನ್ನು ಮಾತ್ರ ಹೊಂದಿಸಿಟ್ಟೆವು.

ಮನಸ್ಸು ಬದಲಾದದ್ದು ತಿಂಗಳುಗಳ ನಂತರ, ಔಷಧಿ ಅಂಗಡಿಯ ಬಿಲ್ಲು ನೋಡಿ. ಪರೀಕ್ಷೆಗೆ ಹೋಗುವ ದಿನ ಇನ್ನೊಂದು ಪೇಚು. ಮಾತ್ರೆ ಕೆಲಸ ಮಾಡುವ ಹೊತ್ತಿನಲ್ಲಿ ಹೋದರೆ ಆರಾಮಾಗಿ ನಡೆಯುತ್ತಾರೆ, ನೋಡಿದವರು ಏನೂ ಆಗಿಲ್ಲ ಅನ್ನುತ್ತಾರೆ. ಮಾತ್ರೆ ತಪ್ಪಿಸಿ ಕರೆದುಕೊಂಡು ಹೋಗೋಣ ಅಂತ ಮಗ. ಅದು ಬೇಡ ಅಂದೆವು, ದಾರಿಯಲ್ಲಿ ಬಿದ್ದರೆ? ಸೊಸೆಯ ಪುಸ್ತಕ ಮತ್ತು ಮೊಬೈಲಿನಲ್ಲಿ ತೆಗೆದ ಹನ್ನೊಂದೂವರೆಯ ಒಂದು ವಿಡಿಯೋ ಜೊತೆಗೆ ಕಳಿಸಿದೆವು. ವೈದ್ಯರು ಎರಡನ್ನೂ ನೋಡಿದರು. ಪ್ರಮಾಣಪತ್ರ ಸಿಕ್ಕಿತು.

ಅಕ್ಕ

ನಾವು ಇಷ್ಟೆಲ್ಲ ಮಾಡುವಾಗ ಅಕ್ಕನ ಬಿಪಿ ಯಾರೂ ನೋಡಿರಲಿಲ್ಲ. ನರ್ಸ್ ಒಂದು ದಿನ ಸುಮ್ನೆ ಪಟ್ಟಿ ಕಟ್ಟಿದರೆ ತೀರಾ ಜಾಸ್ತಿ ಇತ್ತು. ಮಾತ್ರೆ ಶುರುವಾಯಿತು. ಆರೈಕೆ ಮಾಡುವವರ ದಿನವನ್ನೂ ಗಂಟೆಗೊಮ್ಮೆ ಬರೆಯಬೇಕು ಅನ್ನುವುದನ್ನು ನಾವು ಈ ಮನೆಯ ನಂತರ ನಿಯಮ ಮಾಡಿಕೊಂಡೆವು. ಅಕ್ಕನ ಪುಟದಲ್ಲಿ ತನಗಾಗಿ ಅಂತ ಇದ್ದದ್ದು ಬೆಳಗಿನ ಕಾಫಿ ಮಾತ್ರ, ಅದೂ ನಿಂತುಕೊಂಡೇ.

ಕೆಲಸ ಹಂಚಿದೆವು. ರಾತ್ರಿಯ ಮಾತ್ರೆ, ಮಲಗಿಸುವುದು ಮಗನ ಪಾಲು. ಶುರುವಿನಲ್ಲಿ ಅವನು ಮರೆಯುತ್ತಿದ್ದ, ಅಕ್ಕ ತಾನೇ ಎದ್ದು ಕೊಟ್ಟುಬಿಡುತ್ತಿದ್ದರು. ನೀವು ಏಳಬೇಡಿ ಅಂತ ಅಕ್ಕನಿಗೆ ಹೇಳುವುದೇ ದೊಡ್ಡ ಕೆಲಸವಾಯಿತು. ಶುಕ್ರವಾರ ಸಂಜೆ ಅವರು ತಂಗಿ ಮನೆಗೋ ದೇವಸ್ಥಾನಕ್ಕೋ ಹೋಗುತ್ತಾರೆ, ಆ ಹೊತ್ತಿಗೆ ಬಾಮೈದ ಅಂಗಡಿಯಲ್ಲಿ ಕೂರುತ್ತಾನೆ. ಪುಡಿ ತಂದ ಕೈಗೆ ಒಂದು ಜವಾಬ್ದಾರಿ ಕೊಟ್ಟರೆ ಒಳ್ಳೆಯದು ಅನ್ನುವುದು ಅಕ್ಕನದೇ ಲೆಕ್ಕಾಚಾರ.

ಈಗ ಎಲ್ಲಿಗೆ ಬಂದಿದೆ

ಎರಡು ವರ್ಷ ಕಳೆದಿದೆ. ಕಾಯಿಲೆ ನಿಂತಿಲ್ಲ, ನಿಲ್ಲುವುದೂ ಇಲ್ಲ. ಈ ಅವಧಿಯಲ್ಲಿ ಒಮ್ಮೆ ಬಿದ್ದಿದ್ದಾರೆ, ಪೆಟ್ಟಾಗಲಿಲ್ಲ. ರವಿಕೆ ಕತ್ತರಿಸುವುದನ್ನು ಬಿಟ್ಟಿದ್ದಾರೆ, ಆಲ್ಟ್ರೇಷನ್ ಮತ್ತು ಉದ್ದ ಹೊಲಿಗೆಯನ್ನು ಸರಾಗವಿರುವ ಹೊತ್ತಿನಲ್ಲಿ ಮಾಡುತ್ತಾರೆ. ಗಿರಾಕಿಗಳಿಗೆ ಸೊಸೆ ಆ ಗಂಟೆಗಳನ್ನೇ ಹೇಳುತ್ತಾಳೆ. ಕತ್ತರಿಸುವ ಕೆಲಸವನ್ನು ಅವಳೇ ಕಲಿಯುತ್ತಿದ್ದಾಳೆ. ಮೆದುಳಿಗೆ ತಂತಿ ಕೂರಿಸುವ ಡಿಬಿಎಸ್ ಆಪರೇಷನ್ ಬಗ್ಗೆ ಡಾಕ್ಟರು ವಿವರಿಸಿದ್ದರು. ಲಕ್ಷಗಟ್ಟಲೆ ಖರ್ಚು. ಜೊತೆಗೆ, ಲೆವೊಡೋಪಾಗೆ ಬಗ್ಗದ ತೊಂದರೆಗಳು ಅದಕ್ಕೂ ಸಾಮಾನ್ಯವಾಗಿ ಬಗ್ಗುವುದಿಲ್ಲ ಅಂದರು. ಮನೆಯವರು ಸದ್ಯಕ್ಕೆ ಬೇಡ ಅಂದುಕೊಂಡರು.

ಕುಣಿತ ತಗ್ಗಿಸಲು ಕೊಟ್ಟ ಅಮಾಂಟಡಿನ್ ಕೆಲವು ತಿಂಗಳು ಚೆನ್ನಾಗಿತ್ತು. ಆಮೇಲೆ ಸಂಜೆ ಹೊತ್ತು ಅಂಗಡಿ ಮೂಲೆಯಲ್ಲಿ ಯೂನಿಫಾರ್ಮ್ ಹಾಕಿದ ಮಕ್ಕಳು ನಿಂತಿದ್ದಾರೆ ಅನ್ನತೊಡಗಿದರು. ಗಾಳಿ ಸೋಕಿದೆ ಅಂದರು ಯಾರೋ. ತಾಯತ ಕಟ್ಟಿಸಿದ್ದೂ ಆಯಿತು, ಸೊಸೆ ಪುಸ್ತಕದಲ್ಲಿ ಬರೆದದ್ದೂ ಆಯಿತು. ನಮಗೆ ಬರೆದದ್ದು ಸಾಕಿತ್ತು. ತಜ್ಞರು ಆ ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿದರು, ಮಕ್ಕಳು ಬರುವುದು ನಿಂತಿತು. ಕುಣಿತ ಸ್ವಲ್ಪ ಮರಳಿದೆ. ಯಾವುದು ಹೆಚ್ಚು ತೊಂದರೆ ಅಂತ ಡಾಕ್ಟರು ಕೇಳಿದ್ದಕ್ಕೆ ಟೈಲರಣ್ಣ, ಕುಣಿತವೇ ವಾಸಿ ಅಂದರು.

ಮುಂದಿನ ತಿಂಗಳು ಅಕ್ಕನಿಗೆ ಕಣ್ಣಿನ ಪೊರೆ ಆಪರೇಷನ್. ಆಮೇಲೆ ಕೆಲವು ವಾರ ಬಗ್ಗುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ಮಗ ರಜೆ ಕೇಳಿದ್ದಾನೆ, ಒಂದು ವಾರ ಸಿಕ್ಕಿದೆ. ಉಳಿದ ದಿನಗಳ ರಾತ್ರಿ ಪಾಳಿ ಯಾರದು ಅನ್ನುವುದನ್ನು ಬಾಮೈದ ಮತ್ತು ಸೊಸೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದು ಹಂಚಿಕೊಳ್ಳುತ್ತಿದ್ದಾರೆ. ಇನ್ನೂ ಮೂರು ರಾತ್ರಿ ಖಾಲಿ ಇವೆ.